ಎರಡೆಕರೆ ತೊಗರಿ, ಸರ್ಕಾರದ ನೆರವು ಎಷ್ಟು?
ಅಫಜಲಪುರ ತಾಲ್ಲೂಕಿನ ಹವಳಗಾದಂಥ ಊರಲ್ಲಿ ಎರಡೆಕರೆ ತೊಗರಿ ಬೆಳೆಯುವ ಮನೆಗೆ ಖಚಿತವಾಗಿ ಬರುವ ನೆರವೆಂದರೆ ಪಿಎಂ ಕಿಸಾನ್: ವರ್ಷಕ್ಕೆ 6,000 ರೂಪಾಯಿ, ಮೂರು ಕಂತಿನಲ್ಲಿ. ಅದೂ ಪಹಣಿ ಇದ್ದವರಿಗೆ. ಪಾಲಿಗೆ ಹೊಲ ಮಾಡುವವರಿಗಿಲ್ಲ.

ಬೆಂಬಲ ಬೆಲೆಯ ಲೆಕ್ಕ ಬೇರೆ. 2024–25ರಲ್ಲಿ ತೊಗರಿಗೆ ಕ್ವಿಂಟಲಿಗೆ 7,550 ರೂಪಾಯಿ ಇತ್ತು. ಪೇಟೆ ದರ ಅದಕ್ಕಿಂತ 500 ಕಡಿಮೆಯಿದ್ದು, ಎಂಟು ಕ್ವಿಂಟಲ್ ಖರೀದಿ ಕೇಂದ್ರಕ್ಕೆ ಹೋದರೆ ಮನೆಗೆ ಹೆಚ್ಚು ಸಿಗುವುದು 4,000, ಹಮಾಲಿ ಮತ್ತು ಗಾಡಿ ಬಾಡಿಗೆ ಕಳೆಯುವ ಮುನ್ನ. ತೇವಾಂಶ ಶೇ 12 ದಾಟಿದರೆ ಚೀಲ ತಿರುಗಿ ಬರುತ್ತದೆ. ಬೀಜ, ಗೊಬ್ಬರ ಉದ್ರಿ ತಂದವರು ಕೇಂದ್ರ ತೆರೆಯುವವರೆಗೆ ಕಾಯಲಾರರು; ರಾಶಿಯಾದ ವಾರವೇ ಮಾಲು ಅಡತಿ ಅಂಗಡಿ ಸೇರುತ್ತದೆ. ಕಾಯುವ ತಾಕತ್ತು ಇದ್ದವರಿಗೇ ಬೆಂಬಲ ಬೆಲೆ ಹೆಚ್ಚು ದಕ್ಕುತ್ತದೆ.

ಬೆಳೆ ವಿಮೆಗೆ ಮುಂಗಾರಿನಲ್ಲಿ ರೈತ ಕಟ್ಟುವುದು ವಿಮಾ ಮೊತ್ತದ ಶೇ 2 ಮಾತ್ರ. ಆದರೆ ಇಳುವರಿ ನಷ್ಟವನ್ನು ಅಳೆಯುವುದು ಗ್ರಾಮ ಪಂಚಾಯಿತಿಯ ಸರಾಸರಿಯಿಂದ. ಒಬ್ಬರ ಹೊಲ ಮಾತ್ರ ನೆಟೆ ರೋಗಕ್ಕೆ ಒಣಗಿದರೆ ಪರಿಹಾರ ಸಿಗದು. ವಿಮೆಗೂ ಬೆಂಬಲ ಬೆಲೆಗೂ ದಾಖಲೆ ಬೇಕಾದ್ದರಿಂದ, ಬಿತ್ತಿದ ಬೆಳೆಯೇ ಬೆಳೆ ಸಮೀಕ್ಷೆಯಲ್ಲಿ, ಸರ್ಕಾರದ ರೈತರ ದಾಖಲೆಯಾದ ಫ್ರೂಟ್ಸ್ ನೋಂದಣಿಯಲ್ಲಿ ದಾಖಲಾಗಿದೆಯೇ ಎಂದು ರಾಶಿಗೆ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ನೋಡಿಸಿಕೊಳ್ಳಬೇಕು.