ಸುಸ್ತು ಸೋಮಾರಿತನವಲ್ಲ

ಹೊಸಬಾಳೆಯ ಅಕ್ಕಂದಿರೇ, ಕುತ್ತಿಗೆ ಮುಟ್ಟಿ ನೋಡಿ. ಅಲ್ಲಿ ಮುಂಭಾಗದಲ್ಲಿ ಒಂದು ಗ್ರಂಥಿ ಇದೆ. ಚಿಟ್ಟೆಯ ಆಕಾರ. ಹೆಸರು ಥೈರಾಯ್ಡ್. ಅದು ಒಂದು ರಸವನ್ನು ರಕ್ತಕ್ಕೆ ಬಿಡುತ್ತದೆ. ಈ ರಸವೇ ಹಾರ್ಮೋನು.

ರಸ ಕಡಿಮೆಯಾದರೆ ಮೈ ಭಾರ, ಸುಸ್ತು. ಚಳಿ ತಡೆಯೋದಿಲ್ಲ. ಕೂದಲು ಉದುರುತ್ತೆ. ಮುಟ್ಟು ಏರುಪೇರಾಗುತ್ತೆ. ಬಸಿರಾಗೋದೂ ಕಷ್ಟ.

ನಾಟಿಗೆ ಹೋಗದವಳನ್ನು ಮೈಗಳ್ಳಿ ಅಂತಾರೆ. ಬಸಿರಾಗದವಳನ್ನು ಬಂಜೆ ಅಂತಾರೆ. ಅನ್ನುವವರೂ ಹೆಂಗಸರೇ! ಇದು ದೃಷ್ಟಿಯಲ್ಲ, ಶಾಪವಲ್ಲ. ಕಾಯಿಲೆ ಇರಬಹುದು.

ಆಶಾ ಕಾರ್ಯಕರ್ತೆಯನ್ನು ಕೇಳಿ. ಸೊರಬದ ಆಸ್ಪತ್ರೆಯಲ್ಲಿ ವೈದ್ಯರಿಗೆ ತೋರಿಸಿ. ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತೆ. ಮಾತ್ರೆ ಕೊಟ್ಟರೆ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ. ಕಾಫಿ ಆಮೇಲೆ. ಹುಷಾರಾಯಿತು ಅಂತ ನೀವೇ ನಿಲ್ಲಿಸಬೇಡಿ. ಬಸಿರಾದರೆ ವೈದ್ಯರಿಗೆ ಬೇಗ ತಿಳಿಸಿ.

ಈ ಗ್ರಂಥಿಗೆ ಅಯೋಡಿನ್ ಬೇಕು. ಉಪ್ಪಿನ ಪೊಟ್ಟಣದ ಮೇಲೆ ‘ಅಯೋಡಿನ್’ ಎಂದು ಇದೆಯೇ? ಅಂಗಡಿಯಲ್ಲೇ ಓದಿ ನೋಡಿ, ಆಮೇಲೆ ದುಡ್ಡು ಕೊಡಿ.