ಬೀಳುವುದನ್ನೇ ಮೊದಲು ಕಲಿಸುತ್ತಾರೆ

ಪ್ರಶ್ನೆ: ನನ್ನ ಮಗಳು ಅಮೆರಿಕದ ಆಸ್ಟಿನ್‌ನಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿ ‘ರೋಲರ್ ಡರ್ಬಿ’ ಎಂಬ ಹೆಂಗಸರ ಆಟಕ್ಕೆ ಸೇರಿದ್ದಾಳೆ. ಅವಳು ಕಳಿಸಿದ ವಿಡಿಯೊದಲ್ಲಿ ಹೆಣ್ಣುಮಕ್ಕಳು ಗಾಲಿ ಕಟ್ಟಿಕೊಂಡು ಒಬ್ಬರನ್ನೊಬ್ಬರು ಗುದ್ದಿ ಕೆಡವುತ್ತಿದ್ದರು. ನೋಡಿದಾಗಿನಿಂದ ನಿದ್ದೆಯಿಲ್ಲ. ಹಲ್ಲೋ ಕೈಕಾಲೋ ಮುರಿದರೆ ಅಷ್ಟು ದೂರದಲ್ಲಿ ನೋಡಿಕೊಳ್ಳುವವರು ಯಾರು? ಈ ಆಟ ಬಿಡಿಸುವುದು ಹೇಗೆ?
– ಒಬ್ಬ ತಾಯಿ, ಮೈಸೂರು

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ, ಅಮ್ಮಾ. ಇದು ಮೈಗೆ ಮೈ ತಾಗುವ ಆಟ. ಪಾದದ ಗಂಟು ಉಳುಕುವುದು, ಮಂಡಿಗೆ ಪೆಟ್ಟಾಗುವುದು ಇಲ್ಲಿ ಇದ್ದದ್ದೇ. ಆದರೆ ನಿಮಗೆ ಹೊಡೆದಾಟದ ಹಾಗೆ ಕಂಡದ್ದರ ಹಿಂದೆ ಬಹಳ ಬಿಗಿಯಾದ ನಿಯಮಗಳಿವೆ. ಅವು ತಿಳಿದರೆ ನಿಮ್ಮ ಎದೆಯ ಭಾರ ಸ್ವಲ್ಪ ಇಳಿದೀತು.

ಮೊಟ್ಟೆಯಾಕಾರದ ಪಥದಲ್ಲಿ ಎರಡು ತಂಡಗಳು, ಒಂದೊಂದರಿಂದ ಐವರು. ಹೆಲ್ಮೆಟ್ ಮೇಲೆ ನಕ್ಷತ್ರವಿರುವವಳು ಜಾಮರ್ (ಅಂಕ ಗಳಿಸುವವಳು), ಉಳಿದ ನಾಲ್ವರು ಬ್ಲಾಕರ್‌ಗಳು (ದಾರಿ ಕಟ್ಟುವವರು). ಜಾಮರ್ ಮೊದಲ ಸಲ ಬ್ಲಾಕರ್‌ಗಳ ಗುಂಪನ್ನು ದಾಟಿ ಬಂದ ಮೇಲೆ, ಎದುರಾಳಿ ಬ್ಲಾಕರ್‌ಗಳನ್ನು ದಾಟಿದಂತೆಲ್ಲ ತಲೆಗೊಂದು ಅಂಕ. ಇಂಥ ಒಂದು ಸುತ್ತು ಹೆಚ್ಚೆಂದರೆ 2 ನಿಮಿಷ. ಗುಂಪಿನಿಂದ ಮೊದಲು ಸರಿಯಾಗಿ ಹೊರಬಿದ್ದ ಜಾಮರ್‌ಗೆ ಸುತ್ತನ್ನು ನಡುವೆಯೇ ನಿಲ್ಲಿಸುವ ಹಕ್ಕೂ ಇದೆ. ಎರಡೂ ಕೈಯಿಂದ ತನ್ನ ಸೊಂಟ ತಟ್ಟಿಕೊಂಡರೆ ಸಾಕು.

ಗುದ್ದುವುದಕ್ಕೆ ಬಳಸಬಹುದಾದ್ದು ಭುಜ, ಸೊಂಟ, ಮೈಯ ಪಕ್ಕಗಳು. ಮೊಣಕೈ ಬೀಸುವಂತಿಲ್ಲ. ತಲೆಗೆ, ಬೆನ್ನಿಗೆ, ತೊಡೆಯ ನಡುಭಾಗಕ್ಕಿಂತ ಕೆಳಗೆ ಹೊಡೆಯುವಂತಿಲ್ಲ. ತಪ್ಪಿದರೆ 30 ಸೆಕೆಂಡು ಹೊರಗೆ ಕೂರಬೇಕು. ಇಂಥ ಏಳು ತಪ್ಪಾದರೆ ಅವತ್ತಿನ ಆಟ ಅಲ್ಲಿಗೇ ಮುಗಿಯಿತು.

ನನಗೆ ಈ ಆಟದ ಮೇಲೆ ಗೌರವ ಹುಟ್ಟಿಸಿದ್ದು ಕಲಿಸುವ ಕ್ರಮ. ಹೊಸಬರಿಗೆ ಮೊದಲ ತರಗತಿಗಳಲ್ಲೇ ಬೀಳುವುದನ್ನು ಕಲಿಸುತ್ತಾರೆ. ಮೈ ಕುಗ್ಗಿಸಿ, ಒಂದು ಮಂಡಿಯ ಪ್ಯಾಡನ್ನು ನೆಲಕ್ಕೆ ಕೊಟ್ಟು ಜಾರುವುದು. ಬೆರಳ ಮೇಲೆ ಯಾರ ಗಾಲಿಯೂ ಹರಿಯದಂತೆ ಮುಷ್ಟಿ ಬಿಗಿಹಿಡಿಯುವುದು. ಕೈ ಊರದೆ ಕೂಡಲೇ ಏಳುವುದು. ಇದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಪರೀಕ್ಷಿಸಿ ಒಪ್ಪಿದ ಮೇಲೆಯೇ ಇನ್ನೊಬ್ಬರಿಗೆ ಮೈ ತಾಗಿಸಲು ಬಿಡುತ್ತಾರೆ.

ಇನ್ನು ಅಲ್ಲಿ ನೋಡಿಕೊಳ್ಳುವವರ ಮಾತು. ನಿಮ್ಮ ಮಗಳಿರುವ ಆಸ್ಟಿನ್ನೇ ಇಂದಿನ ರೋಲರ್ ಡರ್ಬಿಯ ತವರು. ಹಳೆಯ ಆಟ 1935ರಲ್ಲಿ ಷಿಕಾಗೋದಲ್ಲಿ ಶುರುವಾಗಿ, ಕಾಲಕ್ರಮದಲ್ಲಿ ಮಂಕಾಗಿತ್ತು. 2000ರ ನಂತರ ಅದಕ್ಕೆ ಮರುಜೀವ ಕೊಟ್ಟವರು ಆಸ್ಟಿನ್ನಿನ ಹೆಂಗಸರು. 2003ರಲ್ಲಿ ಅವರು ಕಟ್ಟಿದ ‘ಟೆಕ್ಸಾಸ್ ರೋಲರ್‌ಗರ್ಲ್ಸ್’ ಲೀಗ್ ಆಟಗಾರ್ತಿಯರೇ ನಡೆಸುವ ಸಂಘ. ಬೇರೆ ಊರುಗಳ ಲೀಗ್‌ಗಳೂ ಬಹುಪಾಲು ಹೀಗೆಯೇ: ಸಂಬಳವಿಲ್ಲ, ತಿಂಗಳ ವಂತಿಗೆ ಕೊಡುವವರೂ ಟಿಕೆಟ್ ಹರಿಯುವವರೂ ಕುರ್ಚಿ ಜೋಡಿಸುವವರೂ ಅವರೇ. ಹೀಗೆ ಒಟ್ಟಿಗೆ ದುಡಿಯುವ ಹೆಂಗಸರ ನಡುವೆ ನಿಮ್ಮ ಮಗಳಿಗೆ ಆಸ್ಪತ್ರೆಗೆ ಜೊತೆಯಾಗುವ ನಾಲ್ಕು ಜನ ಸಿಗುತ್ತಾರೆಂದೇ ನನ್ನ ನಂಬಿಕೆ.

ಬಿಡಿಸಲು ಹೋಗಬೇಡಿ. ಬದಲಿಗೆ ಮುಂದಿನ ಸಲ ಫೋನಿನಲ್ಲಿ ಮೂರು ವಿಷಯ ಕೇಳಿ. ಮೌತ್‌ಗಾರ್ಡ್ (ಹಲ್ಲು ಕಾಯುವ ಅಚ್ಚು) ಅವಳ ಬಾಯಿಗೆ ಸರಿಯಾಗಿ ಕೂರುತ್ತದೆಯೇ? ಅವಳ ಆರೋಗ್ಯ ವಿಮೆ ಆಟದ ಗಾಯಕ್ಕೆ ಅನ್ವಯಿಸುತ್ತದೆಯೇ? ತಲೆಗೆ ಪೆಟ್ಟಾದರೆ, ವೈದ್ಯರು ಒಪ್ಪುವವರೆಗೆ ಆಡುವುದಿಲ್ಲವೆಂದು ಮಾತು ಕೊಡುತ್ತಾಳೆಯೇ? ಈ ಮೂರನೆಯದರಲ್ಲಿ ಮಾತ್ರ ಸಡಿಲ ಬಿಡಬೇಡಿ.

ಪ್ರಶ್ನೆ: ಸಿಯಾಟಲ್‌ನಲ್ಲಿದ್ದೇನೆ. ವಯಸ್ಸು 41, ಇಬ್ಬರು ಮಕ್ಕಳು, ಮೈ ಸ್ವಲ್ಪ ದಪ್ಪ. ಸ್ಕೇಟ್ಸ್ ಮುಟ್ಟಿದವಳೂ ಅಲ್ಲ. ಇಲ್ಲಿಯ ‘ರ‍್ಯಾಟ್ ಸಿಟಿ’ ಲೀಗ್‌ನ ಆಟ ನೋಡಿ ಆಸೆಯಾಗಿದೆ. ಜನ ನಗುತ್ತಾರೇನೋ ಎಂದು ಹಿಂಜರಿಕೆ.

ಉತ್ತರ: ಮಕ್ಕಳನ್ನು ಬೆಳೆಸುತ್ತ ತನಗಾಗಿ ಏನನ್ನಾದರೂ ಬಯಸುವಾಗ ಈ ಹಿಂಜರಿಕೆ ಬಹಳ ಹೆಂಗಸರಿಗೆ ಬರುತ್ತದೆ. ನಾಚಿಕೆಪಡಬೇಡಿ. ಈ ಆಟದಲ್ಲಿ ಎಲ್ಲ ಬಗೆಯ ಮೈಕಟ್ಟಿಗೂ ಕೆಲಸವಿದೆ. ಮಂಡಿ ಬಗ್ಗಿಸಿ ತಗ್ಗಾಗಿ ನಿಂತ ತೂಕದ ಬ್ಲಾಕರ್ ಅನ್ನು ಸರಿಸುವುದು ಸುಲಭವಲ್ಲ. ನಲವತ್ತು ದಾಟಿ ಆಡುವವರೂ ಇದ್ದಾರೆ.

ಮೊದಲು ನಿಮ್ಮ ವೈದ್ಯರನ್ನು ಕಾಣಿ, ಮಂಡಿನೋವಿದ್ದರೆ ಮುಚ್ಚಿಡದೆ ಹೇಳಿ. ದಿನಾ ಸ್ವಲ್ಪ ಬಸ್ಕಿ ಹೊಡೆಯಿರಿ, ಒಂಟಿಕಾಲಲ್ಲಿ ನಿಂತು ಅಭ್ಯಾಸ ಮಾಡಿ. ಸ್ಕೇಟ್ಸ್‌ಗೆ ತಕ್ಷಣ ಹಣ ಹಾಕಬೇಡಿ. ಎಷ್ಟೋ ಲೀಗ್‌ಗಳು ಹೊಸಬರಿಗೆ ಎರವಲು ಕೊಡುತ್ತವೆ, ಕೇಳಿ ನೋಡಿ. ಮೈ ತಾಗುವ ಆಟ ಬೇಡವೆನಿಸಿದರೆ ರೆಫರಿಯಾಗಬಹುದು, ಗಾಲಿಯೇ ಬೇಡವೆಂದರೆ ಅಂಕ ಬರೆಯುವ, ಸಮಯ ನೋಡುವ ಕೆಲಸವಿದೆ. ಒಂದು ಪಂದ್ಯಕ್ಕೆ ಸ್ಕೇಟ್ಸ್ ಕಟ್ಟಿದ ರೆಫರಿಗಳೇ ಏಳು ಮಂದಿಯವರೆಗೆ ಬೇಕು, ಅವರಿಗೆ ಯಾವಾಗಲೂ ಕೊರತೆ.

ಪ್ರಶ್ನೆ: ಬೆಂಗಳೂರಿನಲ್ಲಿ ನಾವು ಹತ್ತು ಗೆಳತಿಯರು ಸ್ಕೇಟಿಂಗ್ ಮಾಡುತ್ತೇವೆ. ರೋಲರ್ ಡರ್ಬಿ ಆಡಬೇಕೆಂದಿದೆ. ದೊಡ್ಡ ರಿಂಕ್ ಇಲ್ಲದೆ ಸಾಧ್ಯವೇ?

ಉತ್ತರ: ಸಾಧ್ಯ. ಹಳೆಯ ಡರ್ಬಿಗೆ ಅಂಚು ಎತ್ತರಿಸಿದ ಮರದ ಪಥ ಬೇಕಿತ್ತು, ಅದು ದುಬಾರಿ. ಈಗಿನದು ಸಮನೆಲದ ಆಟ. ಬ್ಯಾಸ್ಕೆಟ್‌ಬಾಲ್ ಅಂಕಣಕ್ಕಿಂತ ತುಸು ದೊಡ್ಡದಾದ ನುಣುಪು ನೆಲದ ಮೇಲೆ ಹಗ್ಗ ಹಾಸಿ, ಅದರ ಮೇಲೆ ಟೇಪ್ ಅಂಟಿಸಿದರೆ ಪಥ ಸಿದ್ಧ. ಹಗ್ಗದ ಉಬ್ಬು ಗಾಲಿಗೆ ತಾಗುವುದರಿಂದ ಕೆಳಗೆ ನೋಡದೆಯೇ ಗೆರೆ ಎಲ್ಲಿದೆಯೆಂದು ತಿಳಿಯುತ್ತದೆ. ಆಟ ಊರೂರಿಗೆ ಹರಡಲು ಈ ಅಗ್ಗದ ಪಥ ದೊಡ್ಡ ಕಾರಣ.

ಒಂದು ಎಚ್ಚರಿಕೆ. ನಾಲ್ಕು ಗಾಲಿಗಳು ಒಂದೇ ಸಾಲಿನಲ್ಲಿರುವ ಇನ್‌ಲೈನ್ ಸ್ಕೇಟ್ಸ್ ಇಲ್ಲಿ ನಡೆಯದು. ಹಿಂದೆ ಎರಡು, ಮುಂದೆ ಎರಡು ಗಾಲಿಯ ಕ್ವಾಡ್ ಸ್ಕೇಟ್ಸ್ ಬೇಕು. ಮೊದಲ ಕೆಲವು ತಿಂಗಳು ಗುದ್ದಾಟವೇ ಬೇಡ. ಬೀಳುವುದು, ನಿಲ್ಲುವುದು, ಹಿಂದಕ್ಕೆ ಜಾರುವುದು ರೂಢಿಯಾಗಲಿ. ಹೆಲ್ಮೆಟ್, ಮೌತ್‌ಗಾರ್ಡ್, ಮೊಣಕೈ, ಮಣಿಕಟ್ಟು, ಮಂಡಿಯ ಪ್ಯಾಡ್‌ಗಳಲ್ಲಿ ಯಾರಿಗೆ ಒಂದು ಕಡಿಮೆಯಿದ್ದರೂ ಅವತ್ತು ಅವಳನ್ನು ಪಥಕ್ಕೆ ಇಳಿಸಬೇಡಿ. ಮಂಡಿಯ ಪ್ಯಾಡ್ ಕೊಳ್ಳುವಾಗ ಮುಂಭಾಗದಲ್ಲಿ ಗಟ್ಟಿ ಪ್ಲಾಸ್ಟಿಕ್ ಚಿಪ್ಪಿರುವುದನ್ನೇ ಕೇಳಿ ಕೊಳ್ಳಿ. ಬರೀ ಬಟ್ಟೆಯದು ನೆಲದ ಮೇಲೆ ಜಾರುವುದಿಲ್ಲ, ಹಿಡಿದು ನಿಲ್ಲಿಸಿ ಮಂಡಿಯನ್ನೇ ತಿರುಚಿಬಿಡುತ್ತದೆ.