ಕಾಡ್ಗಿಚ್ಚಿನ ಋತುವಿನಲ್ಲಿ ಸರಕು ಸಾಗಣೆ: ಅರಸೀಕೆರೆ–ಬೇಲೂರು ಹೆದ್ದಾರಿಯ ಒಂದು ಅಧ್ಯಯನ

ಮಂಗಳೂರನ್ನು ತುಮಕೂರಿನೊಡನೆ ಜೋಡಿಸುವ ರಾಷ್ಟ್ರೀಯ ಹೆದ್ದಾರಿ 73, ಚಾರ್ಮಾಡಿ ಘಾಟಿಯನ್ನೇರಿ ಕೊಟ್ಟಿಗೆಹಾರ ಹಾಗೂ ಮೂಡಿಗೆರೆಗಳ ಮೂಲಕ ಬೇಲೂರನ್ನು ತಲುಪುತ್ತದೆ. ಅಲ್ಲಿಂದ ಹಳೇಬೀಡು, ಜಾವಗಲ್, ಬಾಣಾವರ, ಅರಸೀಕೆರೆ ಮತ್ತು ತಿಪಟೂರುಗಳನ್ನು ಹಾದು ಮುಂದುವರಿಯುತ್ತದೆ. ಮಲೆನಾಡಿನ ಕಾಫಿ, ಕಾಳುಮೆಣಸಿಗೂ ಬಯಲುಸೀಮೆಯ ತೆಂಗು, ಕೊಬ್ಬರಿಗೂ ಈ ರಸ್ತೆ ಆಸರೆಯಾಗಿದೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಹಾಗೂ ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುದರಿಂದ ಈ ಮಾರ್ಗದ ಮಹತ್ವ ಇನ್ನಷ್ಟು ಹೆಚ್ಚಿದೆ.

ಈ ಹೆದ್ದಾರಿಯ ಮಳೆಗಾಲದ ಅಪಾಯ ಎಲ್ಲರಿಗೂ ತಿಳಿದದ್ದೇ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡಗಳು ಕುಸಿದು ಸಂಚಾರ ಸ್ಥಗಿತಗೊಂಡಿತ್ತು; ಅನಂತರ ಅದನ್ನು ಹಂತಹಂತವಾಗಿ ತೆರೆಯಲಾಯಿತು. ಆದರೆ ಬೇಸಿಗೆಯ ಅಪಾಯದ ಕಡೆಗೆ ವರ್ತಕರ ಗಮನ ಅಷ್ಟಾಗಿ ಹರಿದಿಲ್ಲ. ಫೆಬ್ರವರಿಯ ಹೊತ್ತಿಗೆ ಘಾಟಿಯ ಹುಲ್ಲುಗಾವಲುಗಳೂ ಅರಸೀಕೆರೆ ಕಡೆಯ ಕುರುಚಲು ಗುಡ್ಡಗಳೂ ಒಣಗಿ ನಿಲ್ಲುತ್ತವೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಅರಣ್ಯ ಸುಟ್ಟಾಗ ಬೆಂಕಿ ನಂದಿಸಲು ವಾಯುಪಡೆಯ ಹೆಲಿಕಾಪ್ಟರ್‌ಗಳನ್ನು ಬಳಸಬೇಕಾಯಿತು. 2023ರ ಫೆಬ್ರವರಿಯಲ್ಲಿ ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನಲ್ಲಿ ಕಾಡ್ಗಿಚ್ಚು ನಂದಿಸಲು ಹೋಗಿ ಗಾಯಗೊಂಡ ಅರಣ್ಯ ಸಿಬ್ಬಂದಿಯೊಬ್ಬರು ಪ್ರಾಣವನ್ನೇ ತೆತ್ತರು. ತರಬೇತಿ ಪಡೆದವರಿಗೇ ಇಷ್ಟು ಅಪಾಯಕಾರಿಯಾದ ಬೆಂಕಿಯ ಎದುರು ಲಾರಿ ಚಾಲಕನು ಸಾಹಸಕ್ಕೆ ಇಳಿಯುವುದು ಸರ್ವಥಾ ಸಲ್ಲದು.

ಸರಕಿನ ಸ್ವಭಾವ

ಅರಸೀಕೆರೆಯ ವ್ಯಾಪಾರಸ್ಥರಿಗೆ ಈ ವಿಷಯ ವಿಶೇಷವಾಗಿ ಸಂಬಂಧಿಸಿದೆ. ಅಪಾಯಕಾರಿ ಸರಕುಗಳ ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ಕೊಬ್ಬರಿಗೆ 1363 ಎಂಬ ಸಂಖ್ಯೆಯಿದ್ದು, ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ 4.2ನೇ ವರ್ಗದಲ್ಲಿದೆ. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ತೇವಗೊಂಡು, ಗಾಳಿಯಾಡದೆ ರಾಶಿ ಬಿದ್ದಾಗ ಒಳಗೇ ಕಾವು ಹುಟ್ಟುತ್ತದೆ. ತೆಂಗಿನ ನಾರಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳಲು ತಡವಾಗದು. ಆದುದರಿಂದ ಚೆನ್ನಾಗಿ ಒಣಗಿದ ಕೊಬ್ಬರಿಯನ್ನೇ ತುಂಬುವುದು, ಕಿಡಿ ನುಸುಳದಂತೆ ಟಾರ್ಪಾಲನ್ನು ಬಿಗಿಯಾಗಿ ಕಟ್ಟುವುದು ಹಾಗೂ ಕೆಲಸ ಮಾಡುವ ಅಗ್ನಿಶಾಮಕ ಸಿಲಿಂಡರ್ ಇಟ್ಟುಕೊಳ್ಳುವುದು ಅವಶ್ಯ.

ಎಚ್ಚರಿಕೆಯ ಸೂಚನೆಗಳು

ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಉಪಗ್ರಹಗಳ ಮೂಲಕ ಬೆಂಕಿಯ ತಾಣಗಳನ್ನು ಗುರುತಿಸಿ, ನೋಂದಾಯಿಸಿಕೊಂಡವರ ಮೊಬೈಲಿಗೆ ಸಂದೇಶ ಕಳುಹಿಸುತ್ತದೆ. ಇದು ಬೆಂಕಿಯ ಸ್ಥಳವನ್ನು ಹೇಳುತ್ತದೆಯೇ ಹೊರತು ರಸ್ತೆ ತೆರೆದಿದೆಯೇ ಎಂಬುದನ್ನಲ್ಲ. ಉಪಗ್ರಹವು ದಿನಕ್ಕೆ ಕೆಲವೇ ಬಾರಿ ಹಾದುಹೋಗುವುದರಿಂದ ನಡುವಿನ ಅವಧಿಯಲ್ಲಿ ಹೊತ್ತಿದ ಬೆಂಕಿ ತಡವಾಗಿ ಗೋಚರಿಸಬಹುದು.

ರಸ್ತೆಯ ವಿಷಯದಲ್ಲಿ ಮೋಟಾರು ವಾಹನ ಕಾಯಿದೆ, 1988ರ 115ನೇ ಕಲಮನ್ನು ವರ್ತಕರು ತಿಳಿದಿರಬೇಕು. ಸಾರ್ವಜನಿಕ ಸುರಕ್ಷತೆಗಾಗಿ ಸಂಚಾರವನ್ನು ನಿಷೇಧಿಸುವ ಇಲ್ಲವೆ ನಿರ್ಬಂಧಿಸುವ ಅಧಿಕಾರ ಇದರಲ್ಲಿದೆ. ನಿಷೇಧದ ಅವಧಿ ಒಂದು ತಿಂಗಳನ್ನು ಮೀರದಿದ್ದರೆ ರಾಜಪತ್ರದಲ್ಲಿ ಪ್ರಕಟಣೆ ಕಡ್ಡಾಯವಲ್ಲ. ಸ್ಥಳೀಯವಾಗಿ ಪ್ರಚಾರ ನೀಡಿದರೆ ಸಾಕು. ಅಂದರೆ ಅಲ್ಪಾವಧಿಯ ನಿಷೇಧವು ಮಂಡಿಯಲ್ಲಿ ಕುಳಿತವರಿಗೆ ತಾನಾಗಿ ಬಂದು ತಲುಪುವುದೆಂಬ ಭರವಸೆಯಿಲ್ಲ. ಲಾರಿ ಹೊರಡುವ ಮುನ್ನ ಜಿಲ್ಲಾಡಳಿತದ ಪ್ರಕಟಣೆಯನ್ನು ವಿಚಾರಿಸಿಕೊಳ್ಳಬೇಕು. ಚಾರ್ಮಾಡಿ ಮುಚ್ಚಿದ್ದರೆ ಬೇಲೂರಿನಿಂದ ಸಕಲೇಶಪುರಕ್ಕೆ ತಿರುಗಿ ಶಿರಾಡಿ ಘಾಟಿಯ ರಾಷ್ಟ್ರೀಯ ಹೆದ್ದಾರಿ 75ನ್ನು ಹಿಡಿಯಬಹುದು. ಆ ದಾರಿಯ ಸ್ಥಿತಿಯನ್ನೂ ಮೊದಲೇ ತಿಳಿದುಕೊಳ್ಳುವುದು ವಿವೇಕ.

ಚಾಲಕರು ಪಾಲಿಸಬೇಕಾದ ಕ್ರಮಗಳು

1. ರಸ್ತೆಗೆ ಹೊಗೆ ಕವಿದಿದ್ದರೆ ವೇಗ ತಗ್ಗಿಸಿ, ಹೆಡ್‌ಲೈಟನ್ನು ಡಿಪ್‌ನಲ್ಲಿ ಇಡಬೇಕು. ಕಿಟಕಿಗಳನ್ನು ಮುಚ್ಚಬೇಕು. ಮುಂದಿನ ವಾಹನವನ್ನು ಹಿಂದಿಕ್ಕಬಾರದು.

2. ಜ್ವಾಲೆ ರಸ್ತೆಯ ಅಂಚಿಗೆ ಬಂದಿದ್ದರೆ ಅದನ್ನು ದಾಟುವ ಯತ್ನ ಮಾಡದೆ, ಸುರಕ್ಷಿತವಾಗಿ ಹಿಂದಿರುಗಬೇಕು. ಗಾಳಿಗೆ ಬೆಂಕಿ ಇಳಿಜಾರನ್ನು ಬಹುಬೇಗ ಏರುತ್ತದೆ.

3. ಒಣಹುಲ್ಲಿನ ಮೇಲೆ ವಾಹನ ನಿಲ್ಲಿಸಬಾರದು. ಕಾದ ಸೈಲೆನ್ಸರ್‌ನಿಂದಲೇ ಹುಲ್ಲು ಹೊತ್ತಿಕೊಳ್ಳಬಹುದು.

4. ಬೀಡಿ, ಸಿಗರೇಟಿನ ತುಂಡನ್ನು ಎಸೆಯುವುದು, ಅರಣ್ಯದ ಅಂಚಿನಲ್ಲಿ ಒಲೆ ಹೂಡುವುದು ಕೂಡದು. ಕಾಯ್ದಿಟ್ಟ ಅರಣ್ಯಕ್ಕೆ ಬೆಂಕಿ ಹಚ್ಚುವುದು ಕರ್ನಾಟಕ ಅರಣ್ಯ ಕಾಯಿದೆ, 1963ರ ಪ್ರಕಾರ ಅಪರಾಧ.

5. ಹಿಂದಿರುಗಲು ದಾರಿಯೇ ಇಲ್ಲದಿದ್ದರೆ ಹುಲ್ಲು, ಮರಗಳಿಲ್ಲದ ಬರಿ ನೆಲದಲ್ಲಿ ನಿಲ್ಲಿಸಿ, ಕಿಟಕಿ ಮುಚ್ಚಿ, ಉಣ್ಣೆಯ ಕಂಬಳಿ ಹೊದ್ದು ಕಿಟಕಿಯ ಮಟ್ಟಕ್ಕಿಂತ ಕೆಳಗೆ ಬಾಗಿರಬೇಕು.

ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108, ಹೆದ್ದಾರಿಯ ನೆರವಿಗೆ 1033, ಅರಣ್ಯ ಇಲಾಖೆಗೆ 1926 ಸಂಖ್ಯೆಗಳನ್ನು ಚಾಲಕನ ಕ್ಯಾಬಿನ್ನಿನಲ್ಲಿ ಬರೆದು ಅಂಟಿಸುವುದು ಒಳಿತು. ಕರೆ ಮಾಡುವಾಗ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನು ಹೇಳಿದರೆ ನೆರವು ಬೇಗ ದೊರೆಯುತ್ತದೆ.

ದಾಖಲೆ ಮತ್ತು ವಿಮೆ

ರಸ್ತೆ ಮುಚ್ಚಿದಾಗ ಇ-ವೇ ಬಿಲ್ಲಿನ ಅವಧಿ ನಿಲ್ಲುವುದಿಲ್ಲ. 2021ರ ಜನವರಿ 1ರಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ ನಿಗದಿಯಾಗಿದೆ. ಉದಾಹರಣೆಗೆ, 10ನೇ ತಾರೀಖಿನ ಮಧ್ಯಾಹ್ನ ಪಡೆದ ಒಂದು ದಿನದ ಬಿಲ್ಲು 11ರ ಮಧ್ಯರಾತ್ರಿಗೆ ಮುಗಿಯುತ್ತದೆ. ನೈಸರ್ಗಿಕ ವಿಕೋಪ, ಅಪಘಾತ ಮುಂತಾದ ಕಾರಣಗಳಿಗೆ ಅವಧಿ ವಿಸ್ತರಣೆಗೆ ಅವಕಾಶವಿದ್ದು, ಅದನ್ನು ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯೊಳಗೆ ಮಾಡಿಕೊಳ್ಳಬೇಕು. ಈ ಉದಾಹರಣೆಯಲ್ಲಿ 11ರ ಸಂಜೆ 4ರಿಂದ 12ರ ಬೆಳಿಗ್ಗೆ 8ರವರೆಗೆ. ಇದನ್ನು ಮರೆತರೆ ಸರಕು ಮತ್ತು ವಾಹನ ತಡೆಹಿಡಿಯಲ್ಪಡುವ ಸಂಭವವಿದೆ.

ರಸ್ತೆ ಮೂಲಕ ಸಾಗಣೆ ಕಾಯಿದೆ, 2007ರ ಪ್ರಕಾರ ಸರಕಿನ ನಷ್ಟಕ್ಕೆ ಸಾಗಣೆದಾರನು ಹೊಣೆ. ಆದರೆ ದೈವಕೃತ್ಯ, ಸರ್ಕಾರದ ನಿಷೇಧಾಜ್ಞೆ ಮುಂತಾದವುಗಳಿಂದಾದ ನಷ್ಟಕ್ಕೆ ವಿನಾಯಿತಿಯಿದೆ. ಹೆಚ್ಚಿನ ಮೌಲ್ಯವನ್ನು ಘೋಷಿಸದಿದ್ದರೆ ಹೊಣೆಯು ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಆದುದರಿಂದ ಸರಕಿಗೆ ಪ್ರತ್ಯೇಕ ಸಾಗಣೆ ವಿಮೆ ಅಗತ್ಯ. ವಾಹನಕ್ಕೆ ಮೂರನೆಯ ವ್ಯಕ್ತಿಯ ವಿಮೆ ಮಾತ್ರ ಇದ್ದರೆ ಬೆಂಕಿಯಿಂದ ಸುಟ್ಟ ಸ್ವಂತ ಲಾರಿಗೆ ಪರಿಹಾರ ದೊರೆಯದು.

ಒಂದು ದಿನ ತಡವಾಗಿ ತಲುಪಿದ ಸರಕಿನ ನಷ್ಟವನ್ನು ಮುಂದಿನ ವಹಿವಾಟಿನಲ್ಲಿ ತುಂಬಿಕೊಳ್ಳಬಹುದು. ಹೋದ ಜೀವವನ್ನು ತುಂಬಿಕೊಳ್ಳಲಾಗದು. ಹೊಗೆ ಕಂಡು ಲಾರಿ ನಿಲ್ಲಿಸಿದ ಚಾಲಕನಿಗೆ ತಡವಾದುದಕ್ಕಾಗಿ ಬಾಡಿಗೆ ಕಡಿತ ಮಾಡುವುದಿಲ್ಲವೆಂದು ಮಾಲೀಕರೂ ವರ್ತಕರೂ ಬೇಸಿಗೆಗೆ ಮುನ್ನವೇ ಸ್ಪಷ್ಟಪಡಿಸಿದರೆ, ಮೇಲಿನ ಸೂಚನೆಗಳೆಲ್ಲ ಕಾಗದದಿಂದ ರಸ್ತೆಗೆ ಇಳಿಯುತ್ತವೆ.